ಸ್ಕೋಪು ಕೈ ಬದಲಾದದ್ದು ಎಲ್ಲಿ? ಮಕ್ಕಳ ಬ್ರಾಂಕೋಸ್ಕೋಪಿಯಲ್ಲಿ ಪಿಜಿಗಳ ಮೌಲ್ಯಮಾಪನ

ಲಾಗ್‌ಬುಕ್ಕಿನ ಒಂದು ಸಾಲು ತೆಗೆದುಕೊಳ್ಳಿ: "ರಿಜಿಡ್ ಬ್ರಾಂಕೋಸ್ಕೋಪಿ, ಎರಡು ವರ್ಷದ ಮಗು, ಬಲ ಬ್ರಾಂಕಸ್‌ನಲ್ಲಿ ಕಡಲೆಬೀಜ, ಮೇಲ್ವಿಚಾರಣೆಯಲ್ಲಿ ಮಾಡಿದ್ದು." ಅಂದರೆ ಬಾಯಿಯ ಮೂಲಕ ಲೋಹದ ಗಟ್ಟಿ ನಳಿಕೆ (ಸ್ಕೋಪು) ಇಳಿಸಿ, ಬಲ ಶ್ವಾಸಕೋಶಕ್ಕೆ ಹೋಗುವ ಕವಲಿನಲ್ಲಿ (ಬ್ರಾಂಕಸ್) ಸಿಕ್ಕಿದ ಬೀಜ ತೆಗೆದದ್ದು. ಸಹಿ, ಮೊಹರು ಎಲ್ಲ ಇದೆ. ಪಿಜಿ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿ) ಮಾಡಿದ್ದೆಷ್ಟು, ಸೀನಿಯರ್ ಮಾಡಿದ್ದೆಷ್ಟು ಅನ್ನುವುದು ಮಾತ್ರ ಇಲ್ಲ. ಧ್ವನಿತಂತು ದಾಟಿಸಿದ್ದು ಯಾರು? ಬೀಜ ಹಿಡಿದದ್ದು ಯಾರು? ಹಿಡಿದ ಬೀಜ ಹೊರಬರುವಾಗ ಜಾರಿದರೆ ಆಗ ಸ್ಕೋಪು ಯಾರ ಕೈಯಲ್ಲಿತ್ತು? ಇಎನ್‌ಟಿ ವಿಭಾಗದಲ್ಲಿ ಪಿಜಿಗಳನ್ನು ಅಳೆಯುವ ನಮಗೆ ಬೇಕಾದದ್ದೆಲ್ಲ ಈ ಪ್ರಶ್ನೆಗಳಲ್ಲಿದೆ. ಅದಕ್ಕೇ ನಮ್ಮ ಫಾರಂನ ಮೊದಲ ಸಾಲು: ಸ್ಕೋಪು ಯಾವ ಹಂತದಲ್ಲಿ ಕೈ ಬದಲಾಯಿತು, ಯಾಕೆ? ಉಳಿದ ಅಂಕಗಳು ಆಮೇಲೆ.

ಟಾನ್ಸಿಲ್ ಆಪರೇಷನ್ನಿಗೆ ಹೊಂದುವ ಮೌಲ್ಯಮಾಪನ ಇಲ್ಲಿ ಹೊಂದುವುದಿಲ್ಲ. ಆಗಷ್ಟೇ ಹುಟ್ಟಿದ ಮಗುವಿನ ಸಬ್‌ಗ್ಲಾಟಿಸ್ (ಧ್ವನಿತಂತುಗಳ ಕೆಳಗಿನ ಕಿರಿದಾದ ಭಾಗ) ಸುಮಾರು 4ರಿಂದ 5 ಮಿ.ಮೀ. ಅಗಲ. 4 ಮಿ.ಮೀ. ದಾರಿಯ ಸುತ್ತ 1 ಮಿ.ಮೀ. ಊತ ಬಂದರೆ ಅಗಲ 2 ಮಿ.ಮೀ.ಗೆ ಇಳಿಯುತ್ತದೆ, ಉಸಿರಿನ ದಾರಿಯ ಮುಕ್ಕಾಲು ಪಾಲು ವಿಸ್ತೀರ್ಣ ಹೋಗುತ್ತದೆ. ದೊಡ್ಡವರು ಕೆ.ಜಿ.ಗೆ ನಿಮಿಷಕ್ಕೆ 3ರಿಂದ 4 ಮಿ.ಲೀ. ಆಮ್ಲಜನಕ ಬಳಸಿದರೆ ಶಿಶು ಬಳಸುವುದು 6ರಿಂದ 8 ಮಿ.ಲೀ., ಅದರ ಶ್ವಾಸಕೋಶದಲ್ಲಿ ದಾಸ್ತಾನೂ ಕಡಿಮೆ. ಒಂದು ಹಂತದಲ್ಲಿ ತಡವರಿಸಿದರೆ ಮುಂದಿನ ಹಂತದಲ್ಲಿ ಸರಿಮಾಡಿಕೊಳ್ಳುವ ಪುರುಸೊತ್ತು ಇರುವುದಿಲ್ಲ. ಜೊತೆಗೆ, ಇಂಥ ಕೇಸುಗಳು ಹೇಳಿಕೇಳಿ ಬರುವುದಿಲ್ಲ. ರಾತ್ರಿ ಬಂದರೆ ಡ್ಯೂಟಿಯಲ್ಲಿದ್ದವರಿಗೆ ಸಿಕ್ಕಿತು, ಉಳಿದವರಿಗೆ ಇಲ್ಲ. ಮೂರು ವರ್ಷದ ಎಂ.ಎಸ್. ಮುಗಿಸಿದ ಇಬ್ಬರು ಪಿಜಿಗಳ ಅನುಭವ ಒಂದೇ ಆಗಿರಬೇಕಿಲ್ಲ.

1997ರಲ್ಲಿ ಟೊರಾಂಟೊದಿಂದ ಬಂದ, ಶಸ್ತ್ರಚಿಕಿತ್ಸೆಯ ಕೌಶಲ ಅಳೆಯುವ ಓಸ್ಯಾಟ್ಸ್ ಮಾಪಕವನ್ನು ಬಹಳ ಕಡೆ ಬಳಸುತ್ತಾರೆ. ಏಳು ಅಂಶ, ಪ್ರತಿಯೊಂದಕ್ಕೂ 1ರಿಂದ 5 ಅಂಕ: ಅಂಗಾಂಶವನ್ನು ನಾಜೂಕಾಗಿ ಹಿಡಿಯುವುದು, ಸಮಯ ಮತ್ತು ಚಲನೆ, ಉಪಕರಣ ಬಳಕೆ, ಸಹಾಯಕರ ಬಳಕೆ ಹೀಗೆ. ಒಳ್ಳೆಯ ಮಾಪಕವೇ. ಆದರೆ ಏಳನ್ನೂ ಕೂಡಿಸಿ ಒಟ್ಟು ಅಂಕ ಕೊಟ್ಟಾಗ ಒಂದು ಅಪಾಯವಿದೆ. ಆರು ಅಂಶಗಳಲ್ಲಿ 4 ಗಳಿಸಿ, ಕಾಣದ ಜಾಗದಲ್ಲಿ ಫೋರ್ಸೆಪ್ಸ್ (ಇಕ್ಕಳ) ಬಾಯಿ ಮುಚ್ಚಿದವರೂ ಪಾಸಾಗಿಬಿಡುತ್ತಾರೆ. ಬ್ರಾಂಕಸ್ ಗೋಡೆ ಹರಿಯುವುದು ಆ ಒಂದು ಕ್ಷಣದಲ್ಲಿ, ಸರಾಸರಿಯಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಕೆಲವು ಹಂತಗಳನ್ನು ಅಂಕದಿಂದ ಹೊರಗೇ ಇಟ್ಟು, ಹೌದು ಅಥವಾ ಇಲ್ಲ ಎಂದಷ್ಟೇ ಬರೆಯಬೇಕು. ಅವುಗಳಲ್ಲಿ ಒಂದು "ಇಲ್ಲ" ಇದ್ದರೂ ಆ ದಿನದ ಉಳಿದ ಅಂಕ ಎಷ್ಟೇ ಇರಲಿ, ಸ್ವತಂತ್ರವಾಗಿ ಮಾಡಲು ಅನುಮತಿ ಇಲ್ಲ.

ಇವುಗಳಲ್ಲಿ ಮೊದಲನೆಯದು ಮಗುವಿಗೆ ಅರಿವಳಿಕೆ ಕೊಡುವ ಮುನ್ನವೇ ಮುಗಿಯುತ್ತದೆ: ಟ್ರಾಲಿ. ಸ್ಕೋಪು, ಪ್ರಿಸ್ಮ್, ಲೈಟ್ ಕೇಬಲ್, ಗಾಜಿನ ಮುಚ್ಚಳ, ಟೆಲಿಸ್ಕೋಪು (ಸ್ಕೋಪಿನೊಳಗೆ ತೂರಿಸಿ ನೋಡುವ ಮಸೂರದ ಕೋಲು), ಅದರ ರಬ್ಬರ್ ಅಡಾಪ್ಟರ್, ವೆಂಟಿಲೇಶನ್ ಕನೆಕ್ಟರ್, ಸಕ್ಷನ್ ಕ್ಯಾತಿಟರ್, ಫೋರ್ಸೆಪ್ಸ್ ಎಲ್ಲವನ್ನೂ ಪಿಜಿ ತಾನೇ ಜೋಡಿಸಿ ತೋರಿಸಬೇಕು. ಸಿಸ್ಟರ್ ಜೋಡಿಸಿಕೊಟ್ಟದ್ದು ಲೆಕ್ಕಕ್ಕಿಲ್ಲ. ನಡುರಾತ್ರಿ ಹೊಸ ಸಿಸ್ಟರ್ ಇದ್ದಾಗ ಏನು ಮಾಡುತ್ತಾರೆ ಎಂಬುದೇ ಪ್ರಶ್ನೆ. ಇಲ್ಲಿ ಹೆಚ್ಚಾಗಿ ಎಡವುವುದು ಎರಡು ಕಡೆ. ಒಂದು, ಉದ್ದ. ಸ್ಕೋಪುಗಳು 20, 26, 30 ಸೆಂ.ಮೀ. ಉದ್ದದಲ್ಲಿ ಬರುತ್ತವೆ. 30ರ ಸ್ಕೋಪಿಗೆ ಗಿಡ್ಡ ಫೋರ್ಸೆಪ್ಸ್ ಇಟ್ಟುಕೊಂಡರೆ ಅದರ ಬಾಯಿ ತುದಿಯಿಂದ ಹೊರಗೇ ಬರುವುದಿಲ್ಲ, ಗೊತ್ತಾಗುವುದು ಬೀಜದ ಮುಂದೆ ನಿಂತ ಮೇಲೆ. ಎರಡು, ನಂಬರು. 3.5 ಎಂದು ಬರೆದ ಸ್ಕೋಪಿನ ಒಳ ಅಗಲ ಸುಮಾರು 5 ಮಿ.ಮೀ., ಹೊರ ಅಗಲ ಸುಮಾರು 5.7 ಮಿ.ಮೀ. ಅದೇ 3.5 ನಂಬರಿನ ಎಂಡೋಟ್ರೇಕಿಯಲ್ ಟ್ಯೂಬಿನ (ಉಸಿರು ಕೊಡಲು ಶ್ವಾಸನಾಳಕ್ಕೆ ಇಳಿಸುವ ಕೊಳವೆ) ಹೊರ ಅಗಲ 5 ಮಿ.ಮೀ.ಗಿಂತ ತುಸು ಕಡಿಮೆ. "ಈ ಮಗುವಿಗೆ 3.5 ಟ್ಯೂಬ್ ಹಿಡಿಯುತ್ತದೆ, ಹಾಗಾದರೆ 3.5 ಸ್ಕೋಪೂ ಹಿಡಿಯುತ್ತದೆ" ಅಂದವರನ್ನು ಅಲ್ಲೇ ನಿಲ್ಲಿಸಬೇಕು. ಸಬ್‌ಗ್ಲಾಟಿಸ್ ಸುತ್ತಲಿನ ಕ್ರೈಕಾಯ್ಡ್ ಉಂಗುರಕ್ಕೆ ಸ್ಕೋಪು ಬಿಗಿಯಾದರೆ ಬೀಜ ಬಂದರೂ ಸಂಜೆಗೆ ಮಗು ಸ್ಟ್ರೈಡರ್‌ನಿಂದ (ಉಸಿರಾಡುವಾಗಿನ ಕರ್ಕಶ ಸದ್ದು) ಒದ್ದಾಡುತ್ತದೆ. ಒಂದರಿಂದ ಎರಡು ವರ್ಷದ ಮಗುವಿಗೆ ಸಾಮಾನ್ಯವಾಗಿ 3.5 ಸರಿಹೋಗುತ್ತದೆ, ಆದರೂ 3.0 ಜೋಡಿಸಿಯೇ ಪಕ್ಕದಲ್ಲಿರಬೇಕು.

ಆಮೇಲೆ ಅನಸ್ತೇಷಿಯಾದವರ ಜೊತೆ ಮಾತು. ಓಸ್ಯಾಟ್ಸ್‌ನಲ್ಲಿ ಇದು "ಸಹಾಯಕರ ಬಳಕೆ"ಯೊಳಗೆ ಸೇರಿಹೋಗುತ್ತದೆ. ನಮ್ಮ ಕೆಲಸಕ್ಕೆ ಅದು ಸಾಲದು, ಯಾಕೆಂದರೆ ಇಲ್ಲಿ ಇಬ್ಬರೂ ಕೆಲಸ ಮಾಡುವುದು ಒಂದೇ ನಳಿಕೆಯಲ್ಲಿ. ಪಿಜಿ ಬಾಯಿಬಿಟ್ಟು ಹೇಳಬೇಕಾದದ್ದು ಇಷ್ಟು: ಮಗು ತಾನೇ ಉಸಿರಾಡುತ್ತಿರುತ್ತದೋ ನೀವು ಉಸಿರು ಕೊಡುತ್ತೀರೋ, ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಎಷ್ಟಕ್ಕೆ ಇಳಿದರೆ ನಾನು ಟೆಲಿಸ್ಕೋಪು ಹೊರಗೆಳೆದು ಗಾಜಿನ ಮುಚ್ಚಳ ಹಾಕುತ್ತೇನೆ, ಬೀಜ ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ ಏನು, ತೆಗೆಯಲಾಗದಿದ್ದರೆ ಏನು. ಲಿಗ್ನೊಕೇನ್ (ಗಂಟಲು ಮರಗಟ್ಟಿಸುವ ಔಷಧ) ಲೆಕ್ಕವೂ ಆಗಲೇ ಆಗಬೇಕು. ಕೆ.ಜಿ.ಗೆ 4 ಮಿ.ಗ್ರಾಂ. ಮಿತಿ ಹಿಡಿದರೆ 10 ಕೆ.ಜಿ. ಮಗುವಿಗೆ 40 ಮಿ.ಗ್ರಾಂ., ಅಂದರೆ 4% ದ್ರಾವಣದಲ್ಲಿ 1 ಮಿ.ಲೀ., ಅಥವಾ 10% ಸ್ಪ್ರೇನಲ್ಲಿ ನಾಲ್ಕು ಒತ್ತು. ಅನಸ್ತೇಷಿಯಾದವರು ಎರಡು ಒತ್ತು ಹೊಡೆದದ್ದು ಗೊತ್ತಿಲ್ಲದೆ ಇವರು ಮತ್ತೆ ನಾಲ್ಕು ಹೊಡೆಯುವುದು ಅಪರೂಪವಲ್ಲ.

ಇನ್ನು ಸ್ಕೋಪು ಒಳಗೆ. ಲಾರಿಂಗೋಸ್ಕೋಪು ಎಡಗೈಯಲ್ಲಿ, ಸ್ಕೋಪು ಬಲಗೈಯಲ್ಲಿ, ಬಾಯಿಯ ಬಲಮೂಲೆಯಿಂದ ಪ್ರವೇಶ. ಗ್ಲಾಟಿಸ್ ಬಳಿ ಸ್ಕೋಪನ್ನು 90 ಡಿಗ್ರಿ ತಿರುಗಿಸಿದಾಗ ಅದರ ಮೊನೆತುಟಿ ಎರಡು ಧ್ವನಿತಂತುಗಳ ನಡುವಿನ ಸೀಳಿಗೆ ಹೊಂದಿಕೊಂಡು ಜಾರಿಹೋಗುತ್ತದೆ. ದಾಟಿದ ಮೇಲೆ ಮತ್ತೆ ಮೊದಲಿನ ಸ್ಥಿತಿಗೆ. ತಿರುಗಿಸದೆ ಒತ್ತಿದರೆ ಮೊನೆತುಟಿ ಧ್ವನಿಪೆಟ್ಟಿಗೆಯ ಅರಿಟೆನಾಯ್ಡ್ ಮೃದ್ವಸ್ಥಿಗೋ ಧ್ವನಿತಂತಿನ ಅಂಚಿಗೋ ಗುದ್ದುತ್ತದೆ. ಇಲ್ಲಿ ಪರದೆ ನೋಡಿ ಅಂಕ ಕೊಡುವ ಬದಲು ಪಿಜಿಯ ಎಡಹೆಬ್ಬೆರಳು ನೋಡಿ. ಲಾರಿಂಗೋಸ್ಕೋಪು ತೆಗೆದ ಮೇಲೆ ಆ ಹೆಬ್ಬೆರಳು ಮೇಲಿನ ಒಸಡಿಗೂ ಸ್ಕೋಪಿಗೂ ನಡುವೆ ಇರಬೇಕು, ಸ್ಕೋಪಿನ ಭಾರ ಅದರ ಮೇಲಿರಬೇಕು. ಹೆಬ್ಬೆರಳು ಅಲ್ಲಿಲ್ಲದಿದ್ದರೆ ಸ್ಕೋಪು ಹಲ್ಲಿನ ಮೇಲೆ ಮೀಟುಗೋಲಾಗಿ ಕೂತಿದೆ ಅಂತಲೇ ಅರ್ಥ. ಬಲ ಬ್ರಾಂಕಸ್‌ಗೆ ಹೋಗಲು ತಲೆಯನ್ನು ಎಡಕ್ಕೆ, ಎಡಕ್ಕೆ ಹೋಗಲು ಬಲಕ್ಕೆ ತಿರುಗಿಸಬೇಕು. ತಲೆ ತಿರುಗಿಸದೆ ಸ್ಕೋಪನ್ನೇ ಓರೆ ಮಾಡುವವರು ಕರೀನಾವನ್ನು (ಶ್ವಾಸನಾಳ ಎರಡಾಗಿ ಕವಲೊಡೆಯುವ ಅಂಚು) ಉಜ್ಜಿ ರಕ್ತ ತರಿಸುತ್ತಾರೆ. ರಕ್ತ ಬಂದರೆ ಬೀಜ ಕಾಣುವುದಿಲ್ಲ.

ಎಲ್ಲರೂ ಕಣ್ಣಿಟ್ಟು ನೋಡುವುದು ಬೀಜ ಹಿಡಿಯುವ ಕ್ಷಣವನ್ನು. ನಮಗೆ ಅದಕ್ಕಿಂತ ಹೆಚ್ಚು ತಿಳಿಸಿಕೊಡುವುದು ಅದರ ಹಿಂದಿನ ಅರ್ಧ ನಿಮಿಷ. ಪಿಜಿ ಬೀಜದ ಮೇಲಿನ ಲೋಳೆಯನ್ನು ಸಕ್ಷನ್ ಮಾಡಿದರೇ? ಬೀಜಕ್ಕೂ ಗೋಡೆಗೂ ನಡುವೆ ಸಂದು ಎಲ್ಲಿದೆ ಎಂದು ನೋಡಿದರೇ? ಗ್ರ್ಯಾನ್ಯುಲೇಶನ್ (ಬೀಜದ ಸುತ್ತ ಬೆಳೆದ, ಮುಟ್ಟಿದರೆ ರಕ್ತ ಬರುವ ಅಂಗಾಂಶ) ಇದ್ದರೆ 1:10,000 ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿಯುಂಡೆ ಕೇಳಿದರೇ? ಫೋರ್ಸೆಪ್ಸಿನ ಎರಡೂ ದವಡೆ ಕಾಣುವ ತನಕ ಕಾದರೇ? ಮೂರು ದಿನ ಒಳಗಿದ್ದ ಕಡಲೆಬೀಜ ನೀರು ಕುಡಿದು ಉಬ್ಬಿ ಮೆತ್ತಗಾಗಿರುತ್ತದೆ. ಗಟ್ಟಿಯಾಗಿ ಒತ್ತಿದರೆ ಪುಡಿಯಾಗಿ ಆಳದ ಕವಲುಗಳಿಗೆ ಹೋಗುತ್ತದೆ, ಆಮೇಲೆ ಹುಡುಕಾಟವೇ. ಅದಕ್ಕೆ ಬೇಕಾದದ್ದು ಬಾಯಿ ಅಗಲವಾಗಿ ತೆರೆಯುವ ಪೀನಟ್ ಫೋರ್ಸೆಪ್ಸ್, ಹಿಡಿತ ಬೀಜ ಜಾರದಷ್ಟು ಮಾತ್ರ. ಸೀಟಿ, ಪೆನ್ನಿನ ಮುಚ್ಚಳದಂಥ ಗಟ್ಟಿ ವಸ್ತುವಿಗೆ ಅಲಿಗೇಟರ್. ಹುಣಸೆಬೀಜ, ಸೀತಾಫಲದ ಬೀಜ ನುಣುಪಾಗಿ ಗಟ್ಟಿಯಾಗಿರುವುದರಿಂದ ಎರಡೂ ಫೋರ್ಸೆಪ್ಸಿಗೆ ತಕರಾರು. ಅಂಥವನ್ನು ಹಿಡಿಯುವಾಗ ದವಡೆ ಬೀಜದ ಅರ್ಧಕ್ಕಿಂತ ಆಚೆ ಹೋಗಿರಬೇಕು, ಇಲ್ಲದಿದ್ದರೆ ಹಿಸುಕಿದಷ್ಟೂ ಮುಂದಕ್ಕೆ ಜಿಗಿಯುತ್ತದೆ.

ಸಣ್ಣ ಸ್ಕೋಪುಗಳಲ್ಲಿ ಇನ್ನೊಂದು ವಿಷಯವಿದೆ, ಪಿಜಿಗಳು ಇದನ್ನು ಬಾಯಲ್ಲಿ ಸರಿಯಾಗಿ ಹೇಳುತ್ತಾರೆ, ಕೈಯಲ್ಲಿ ಮರೆಯುತ್ತಾರೆ. 2.5 ಅಥವಾ 3.0 ಸ್ಕೋಪಿನೊಳಗೆ ಟೆಲಿಸ್ಕೋಪು ಕೂತಾಗ ಗಾಳಿಗೆ ಉಳಿಯುವ ಜಾಗ ಬಹಳ ಕಡಿಮೆ. ಒತ್ತಡ ಕೊಟ್ಟರೆ ಗಾಳಿ ಒಳಗೆ ಹೋಗುತ್ತದೆ, ಹೊರಬರಲು ಹೊತ್ತು ಬೇಕು. ಎದೆ ಉಬ್ಬಿಯೇ ನಿಲ್ಲುತ್ತದೆ. ಟೆಲಿಸ್ಕೋಪನ್ನು ಆಗಾಗ ಹಿಂದಕ್ಕೆಳೆದು ಉಸಿರು ಹೊರಬಿಡಲು ಅವಕಾಶ ಕೊಟ್ಟರೇ ಎಂಬುದು ಫಾರಂನಲ್ಲಿ ಹೌದು-ಇಲ್ಲ ಸಾಲು. ಮಾನಿಟರಿನ ಸ್ಯಾಚುರೇಷನ್ ಕೆಲವು ಸೆಕೆಂಡು ಹಿಂದಿನದು ಎಂಬುದನ್ನೂ ನೆನಪಿಡಬೇಕು. ಚಿಕ್ಕ ಮಗುವಿನ ನಾಡಿ ನಿಧಾನವಾಯಿತೆಂದರೆ, ಬೇರೆ ಕಾರಣ ಸಿಗುವ ತನಕ, ಆಮ್ಲಜನಕ ಸಾಲದು ಅಂತಲೇ ಹಿಡಿಯಬೇಕು.

ಎಲ್ಲಕ್ಕಿಂತ ಹೆಚ್ಚು ಸಲ ಸ್ಕೋಪು ಕೈ ಬದಲಾಗುವುದು ಬೀಜ ಹೊರಬರುವಾಗ. ಬೀಜ ಸ್ಕೋಪಿನ ಒಳಗೆ ಹಿಡಿಯದಿದ್ದರೆ ಸ್ಕೋಪು, ಫೋರ್ಸೆಪ್ಸ್, ಬೀಜ ಮೂರೂ ಒಂದಾಗಿ ಹೊರಬರಬೇಕು, ಗ್ಲಾಟಿಸ್‌ನಲ್ಲಿ ಬೀಜದ ಅಗಲ ಭಾಗ ಮುಂದು-ಹಿಂದಾಗಿ ನಿಲ್ಲುವಂತೆ ತಿರುಗಿಸಬೇಕು. ಅಲ್ಲಿ ಬೀಜ ಕಳಚಿ ಸಬ್‌ಗ್ಲಾಟಿಸ್‌ನಲ್ಲಿ ಸಿಕ್ಕಿಕೊಂಡರೆ ಎರಡೂ ಶ್ವಾಸಕೋಶಕ್ಕೆ ಗಾಳಿ ಇಲ್ಲ. ಕಣ್ಣೆದುರೇ ಇರುವುದರಿಂದ ಅದನ್ನು ಮತ್ತೆ ಮತ್ತೆ ಹಿಡಿಯಲು ಹೋಗುವುದು ಸಹಜ. ಒಮ್ಮೆ ಹಿಡಿದು ನೋಡಿ ಆಗದಿದ್ದರೆ, ಸ್ಕೋಪಿನಿಂದ ಬೀಜವನ್ನು ಕೆಳಕ್ಕೆ ತಳ್ಳಿ, ಬಂದ ಬ್ರಾಂಕಸ್‌ಗೇ ವಾಪಸು ಕಳಿಸಿ, ಇನ್ನೊಂದು ಶ್ವಾಸಕೋಶಕ್ಕೆ ಉಸಿರು ಕೊಟ್ಟು, ಮಗು ಚೇತರಿಸಿಕೊಂಡ ಮೇಲೆ ಮತ್ತೆ ಶುರುಮಾಡಬೇಕು. ತೆಗೆಯಲು ಬಂದವರು ತಾವೇ ಒಳಕ್ಕೆ ತಳ್ಳುವುದು ಮನಸ್ಸಿಗೆ ಒಗ್ಗದ ಕೆಲಸ, ಪುಸ್ತಕ ಓದಿದ್ದರೂ ಕೈ ಹಿಂಜರಿಯುತ್ತದೆ. ನಿಜವಾದ ಮಗುವಿನಲ್ಲಿ ಇದನ್ನು ಪರೀಕ್ಷಿಸಲು ಕಾಯುವಂತಿಲ್ಲ, ಮಾದರಿಯ ಮೇಲೇ ಮಾಡಿಸಬೇಕು.

ಮಾದರಿಗೆ ದುಬಾರಿ ಸಿಮ್ಯುಲೇಟರೇ ಬೇಕೆಂದಿಲ್ಲ. ಮಾಂಸದಂಗಡಿಯಿಂದ ತಂದ ಮೇಕೆಯ ಧ್ವನಿಪೆಟ್ಟಿಗೆ, ಶ್ವಾಸನಾಳ, ಎರಡು ಬ್ರಾಂಕಸ್ ಸಾಕು. ಹಲಗೆಗೆ ಪಿನ್ ಹೊಡೆದು ನಿಲ್ಲಿಸಿ, ರಾತ್ರಿ ನೆನೆಸಿಟ್ಟ ಕಡಲೆಬೀಜವನ್ನು ಒಂದು ಕಡೆ ಇಡಿ. ನೆನೆಸದ ಒಣ ಬೀಜ ಇಡಬೇಡಿ, ಅದು ಒಡೆಯುವುದಿಲ್ಲ, ಪರೀಕ್ಷೆ ಸುಲಭವಾಗಿಬಿಡುತ್ತದೆ. ಮೇಕೆಯ ಬಲ ಮೇಲುಹಾಲೆಗೆ ಹೋಗುವ ಕವಲು ಕರೀನಾಕ್ಕಿಂತ ಮೇಲೇ ಶ್ವಾಸನಾಳದಿಂದ ಹೊರಡುತ್ತದೆ, ಪಿಜಿಗೆ ಮೊದಲೇ ಹೇಳಿರಿ. ಪಕ್ಕದಲ್ಲಿ ಒಬ್ಬರು ಸ್ಯಾಚುರೇಷನ್ ಓದುತ್ತಾ ಹೋಗಲಿ: 96, 92, 88. ಪಿಜಿ ಯಾವ ಸಂಖ್ಯೆಗೆ ತಲೆ ಎತ್ತುತ್ತಾರೆ ಅಂತ ಬರೆದಿಡಿ. ಅಂಥದ್ದೇ ವಸ್ತುವಿನ ಮೇಲೆ ಮೊದಲು ಅಭ್ಯಾಸ ಮಾಡಿಕೊಳ್ಳುವುದು ಈ ವಿದ್ಯೆಯಲ್ಲಿ ಹಳೆಯ ಪದ್ಧತಿ. ರೋಗಿಗಳ ಶ್ವಾಸನಾಳ, ಅನ್ನನಾಳಗಳಿಂದ ತೆಗೆದ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳ ಸಂಗ್ರಹ ಬಿಟ್ಟುಹೋದ ಫಿಲಡೆಲ್ಫಿಯಾದ ವೈದ್ಯ ಚೆವಲಿಯರ್ ಜಾಕ್ಸನ್ ಅದನ್ನು ಪಟ್ಟುಹಿಡಿದು ಮಾಡುತ್ತಿದ್ದರು. ಮಗುವಿನ ಉಸಿರಿನ ದಾರಿಗೆ ಹೋದದ್ದು ಆಟಿಕೆಯ ಭಾಗವಾದರೆ ಅಂಥದ್ದೇ ಇನ್ನೊಂದನ್ನು ತರಲು ತಂದೆತಾಯಿಗೆ ಹೇಳಿದರೇ ಎಂಬುದಕ್ಕೂ ಅಂಕವಿದೆ.

ಮೌಲ್ಯಮಾಪಕರ ಬಗ್ಗೆಯೂ ಒಂದು ಮಾತು. ಹಿಂದೆ ನಿಂತು "ಇನ್ನೂ ಒಳಗೆ, ಸ್ವಲ್ಪ ಎಡಕ್ಕೆ, ಈಗ ಹಿಡಿ" ಎಂದು ಹೇಳಿಕೊಡುತ್ತಲೇ ಇದ್ದರೆ ಆ ಅಂಕ ಸೀನಿಯರ್‌ಗೆ ಸೇರಬೇಕಾದದ್ದು. ಯಾವಾಗ ಬಾಯಿ ತೆರೆಯಬೇಕು ಎಂದು ಮೊದಲೇ ಗೆರೆ ಹಾಕಿಕೊಳ್ಳಬೇಕು: ಸ್ಯಾಚುರೇಷನ್ 90ರ ಕೆಳಗೆ ಇಳಿಯುತ್ತಿದೆ, ತಡೆ ಇದ್ದರೂ ಸ್ಕೋಪು ಒತ್ತುತ್ತಿದ್ದಾರೆ, ಕಾಣದೆ ಫೋರ್ಸೆಪ್ಸ್ ಮುಚ್ಚಲು ಹೊರಟಿದ್ದಾರೆ, ರಕ್ತ ಬಂದಿದೆ. ಅದಕ್ಕೂ ಮೊದಲು ಮೌನ. 2012ರಲ್ಲಿ ಕೆನಡಾದ ಆಟವಾದಿಂದ ಬಂದ ಓ-ಸ್ಕೋರ್ ಮಾಪಕದ ಐದು ಮೆಟ್ಟಿಲು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಅದು ಪಿಜಿಯನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. "ನಾನೇ ಮಾಡಬೇಕಾಯಿತು" ಎಂಬಲ್ಲಿಂದ "ನಾನು ಅಲ್ಲಿರಬೇಕಾದ ಅಗತ್ಯವೇ ಇರಲಿಲ್ಲ" ಎಂಬಲ್ಲಿಯವರೆಗೆ, ಸೀನಿಯರ್ ಏನು ಮಾಡಬೇಕಾಯಿತು ಎಂದಷ್ಟೇ ಕೇಳುತ್ತದೆ. ಅದನ್ನು ಇಡೀ ಕೇಸಿಗೆ ಒಂದು ಸಲ ಬರೆಯದೆ ಹಂತ ಹಂತಕ್ಕೂ ಬೇರೆ ಬೇರೆ ಬರೆಯಿರಿ: ಟ್ರಾಲಿ, ಗ್ಲಾಟಿಸ್, ಹಿಡಿತ, ಹೊರತರುವುದು, ಮರುಪರೀಕ್ಷೆ. ಓಟಿಯಿಂದ ಹೊರಬೀಳುವ ಮುನ್ನವೇ ಬರೆಯಿರಿ, ಮರುದಿನಕ್ಕೆ ಉಳಿಯುವುದು ಬೀಜ ಬಂತು ಎಂಬ ಸಮಾಧಾನ ಮಾತ್ರ.

ವಿಡಿಯೋ ನೋಡಿ ಅಂಕ ಕೊಡುವ ಪದ್ಧತಿಗೂ ಮಿತಿ ಇದೆ. ಟೆಲಿಸ್ಕೋಪಿನ ರೆಕಾರ್ಡಿಂಗಿನಲ್ಲಿ ಮುಖ ಕಾಣುವುದಿಲ್ಲ, ಹಾಗಾಗಿ ಯಾರ ಕೆಲಸ ಎಂದು ಗೊತ್ತಿಲ್ಲದೆ ಇನ್ನೊಬ್ಬರು ಅಂಕ ಕೊಡಬಹುದು. ಅದು ಲಾಭ. ಆದರೆ ಹೆಬ್ಬೆರಳು, ತಲೆ ತಿರುಗಿಸಿದ್ದು, ಟ್ರಾಲಿ, ಅನಸ್ತೇಷಿಯಾದವರ ಜೊತೆಗಿನ ಮಾತು ಯಾವುದೂ ಅದರಲ್ಲಿ ಇರುವುದಿಲ್ಲ. ತಂದೆತಾಯಿಯ ಒಪ್ಪಿಗೆ ಪಡೆದು, ಪರದೆಯ ಮೂಲೆಯ ಹೆಸರು ಮತ್ತು ಆಸ್ಪತ್ರೆ ನಂಬರು ಅಳಿಸಿಯೇ ಬಳಸಬೇಕು.

ಬೀಜ ಬಂದ ಮೇಲೆ ಓಟಿಯಲ್ಲಿ ಎಲ್ಲರ ಭುಜ ಇಳಿಯುತ್ತದೆ, ಮರುಪರೀಕ್ಷೆ ಹಾರಿಹೋಗುವುದು ಆಗಲೇ. ಎರಡನೇ ಚೂರು ಇದೆಯೇ, ಇನ್ನೊಂದು ಬದಿ ಸ್ವಚ್ಛವೇ, ಸಬ್‌ಗ್ಲಾಟಿಸ್‌ನಲ್ಲಿ ಊತವೆಷ್ಟು ಎಂದು ಸ್ಕೋಪು ಮತ್ತೊಮ್ಮೆ ಒಳಹೋಗಲೇಬೇಕು. ಇದೂ ಹೌದು-ಇಲ್ಲ ಸಾಲು.

ಬಹುತೇಕ ಫಾರಂಗಳಲ್ಲಿ ಜಾಗವೇ ಇಲ್ಲದ ಒಂದು ಅಂಶ, ನಿಲ್ಲಿಸುವುದು. ಹೊತ್ತು ಮೀರುತ್ತಿದೆ, ಗೋಡೆ ಊದಿಕೊಂಡಿದೆ, ರಕ್ತ ಜಿನುಗುತ್ತಿದೆ, ಮಗುವಿಗೆ ಉಸಿರು ಸರಿಯಾಗಿ ಸಿಗುತ್ತಿದೆ. ಆಗ "ಇವತ್ತಿಗೆ ಸಾಕು, ಸ್ಟೀರಾಯ್ಡ್ ಮತ್ತು ಆಂಟಿಬಯಾಟಿಕ್ ಕೊಟ್ಟು ಒಂದೆರಡು ದಿನ ಬಿಟ್ಟು ನೋಡೋಣ" ಎಂದು ಪಿಜಿ ತಾನಾಗಿ ಹೇಳಿದರೆ ಅದಕ್ಕೆ ಪೂರ್ತಿ ಅಂಕ ಸಿಗಬೇಕು. ಬೀಜ ಬಂದಿಲ್ಲ ಎಂದು ಆ ಕೇಸನ್ನು "ವಿಫಲ" ಎಂದು ಬರೆದರೆ, ಮುಂದಿನ ಸಲ ಆತ ನಿಲ್ಲಿಸುವುದಿಲ್ಲ.

ಇದೇ ವಿವೇಚನೆ, ಪಿಜಿಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಜಿಲ್ಲಾ ರೆಸಿಡೆನ್ಸಿಯ ಮೂರು ತಿಂಗಳಲ್ಲಿ ಬೇರೆ ರೂಪದಲ್ಲಿ ಬೇಕಾಗುತ್ತದೆ. ಮಕ್ಕಳ ಸ್ಕೋಪಿನ ಸೆಟ್ ಇಲ್ಲದ ಆಸ್ಪತ್ರೆಗೆ, ಕೆಮ್ಮುತ್ತಾ ಅಳುತ್ತಾ ಇರುವ ಮಗು ಬಂದರೆ ಏನು ಮಾಡುತ್ತೀರಿ ಎಂದು ಮೌಖಿಕವಾಗಿ ಕೇಳಿ. ತಾಯಿಯ ತೊಡೆಯ ಮೇಲೆ ಕೂತ ಭಂಗಿಯಲ್ಲೇ ಬಿಡುವುದು, ಆಮ್ಲಜನಕ, ಹೊಟ್ಟೆಗೆ ಏನೂ ಕೊಡದಿರುವುದು, ಬಾಯಿಗೆ ಕುರುಡಾಗಿ ಬೆರಳು ಹಾಕದಿರುವುದು, ಎಕ್ಸ್‌ರೇ ಸರಿಯಾಗಿದೆ ಎಂದು ಮನೆಗೆ ಕಳಿಸದಿರುವುದು, ಜೊತೆಗೆ ವೈದ್ಯರನ್ನೋ ತರಬೇತಾದ ಸಿಬ್ಬಂದಿಯನ್ನೋ ಇಟ್ಟು ಸಾಗಿಸುವುದು. ಕೆಮ್ಮೂ ಇಲ್ಲ, ದನಿಯೂ ಇಲ್ಲ, ಆದರೆ ಪ್ರಜ್ಞೆ ಇದೆ ಎಂದಾದರೆ ಮಾತ್ರ ಬೆನ್ನಿಗೆ ಐದು ಪೆಟ್ಟು, ಆಮೇಲೆ ಒಂದು ವರ್ಷದೊಳಗಿನ ಮಗುವಿಗೆ ಎದೆಗೆ ಐದು ಒತ್ತು, ದೊಡ್ಡ ಮಗುವಿಗೆ ಹೊಟ್ಟೆಗೆ. ಕೆಮ್ಮುತ್ತಿರುವ ಮಗುವಿಗೆ ಇದನ್ನು ಮಾಡುತ್ತೇನೆ ಎಂದವರಿಗೆ ಸ್ಕೋಪಿನ ಕೈ ಎಷ್ಟೇ ಚೆನ್ನಾಗಿರಲಿ, ಆ ಸಾಲಿನಲ್ಲಿ "ಇಲ್ಲ".

ಅನುಮತಿ ಒಮ್ಮೆ ಕೊಟ್ಟರೆ ಕೊನೆಯವರೆಗೂ ಇರಬೇಕಾಗಿಲ್ಲ. ಬೇರೆ ಬೇರೆ ಮೌಲ್ಯಮಾಪಕರು, ಬೇರೆ ಬೇರೆ ವಯಸ್ಸಿನ ಮಕ್ಕಳು, ಎರಡೂ ಬದಿಯ ಬ್ರಾಂಕಸ್ ಇವೆಲ್ಲ ಸೇರಿದ ಮೇಲೆ ಕೊಡಿ. ಆರು ತಿಂಗಳು ಒಂದೂ ಕೇಸ್ ಸಿಗದಿದ್ದರೆ, ಮುಂದಿನ ಕೇಸಿಗೆ ಮೊದಲು ಮೇಕೆಯ ಶ್ವಾಸನಾಳ, ನೆನೆಸಿದ ಬೀಜ, ಮತ್ತೆ ಅದೇ ಟ್ರಾಲಿ.