ಮಗಳ ಪರವಾಗಿ ನಿಲ್ಲುವವರು

ಮಗಳ ನಾಮಕರಣಕ್ಕೆ ಧಾರ್ಮಿಕ ವಿಧಿ ಯಾವುದೂ ಬೇಡ ಅಂತ ನಾವಿಬ್ಬರೂ ಮೊದಲೇ ಒಪ್ಪಿಕೊಂಡಿದ್ದೆವು. ಕಷ್ಟವಾಗಿದ್ದು ಅವಳಿಗೆ ಮಾರ್ಗದರ್ಶಿಗಳನ್ನು ಆರಿಸುವುದು.

ಚರ್ಚಿನಲ್ಲಿ ಗಾಡ್‌ಪೇರೆಂಟ್ಸ್, ಅಂದರೆ ದೀಕ್ಷಾಸ್ನಾನದಲ್ಲಿ ಮಗುವಿನ ಪರ ನಿಲ್ಲುವವರು, ಅದರ ನಂಬಿಕೆಯ ಹೊಣೆ ಹೊರುತ್ತಾರೆ. ದೇವರು, ಧರ್ಮದ ಹಂಗಿಲ್ಲದೆ ಬದುಕುವ ಮಾನವತಾವಾದಿಗಳ ನಾಮಕರಣದಲ್ಲಿ ಅವರ ಬದಲು ಗೈಡ್‌ಪೇರೆಂಟ್ಸ್, ಅಂದರೆ ಮಗುವಿನ ಜೊತೆ ನಿಲ್ಲುವ ಮಾರ್ಗದರ್ಶಿಗಳು, ಇರುತ್ತಾರೆ. ಫ್ರಾನ್ಸಿನಲ್ಲಂತೂ ಕ್ರಾಂತಿಯ ಕಾಲದಿಂದಲೂ ಪುರಭವನದಲ್ಲಿ ಇಂಥ ಸಮಾರಂಭ ಮಾಡುವ ರೂಢಿ ಇದೆ. ಅಲ್ಲೂ ಅದಕ್ಕೆ ಕಾನೂನಿನ ಬಲ ಇಲ್ಲ, ಕೊಟ್ಟ ಮಾತೇ ಎಲ್ಲ. ನಾಳೆ ನಮಗೇನಾದರೂ ಆದರೆ ಮಗುವನ್ನು ಯಾರು ನೋಡಿಕೊಳ್ಳಬೇಕು ಅನ್ನುವುದು ಬೇರೆ ವಿಷಯ. ಅದನ್ನು ಉಯಿಲಿನಲ್ಲೇ ಬರೆದಿಡಬೇಕು. ನಾನು ಮೊದಲು ಎರಡೂ ಒಂದೇ ಅಂದುಕೊಂಡಿದ್ದೆ.

ಒಂದು ರಾತ್ರಿ ಕೂತು ಏಳು ಹೆಸರು ಬರೆದೆವು. ಓದಿ ನೋಡಿದರೆ ಎಲ್ಲರೂ ನಮ್ಮನ್ನು ಮೆಚ್ಚುವವರೇ! ನಾವು ಹೇಳಿದ್ದಕ್ಕೆಲ್ಲ ಹೂಂ ಅನ್ನುವವರು. ಮುಂದೆ ಮಗಳಿಗೂ ನಮಗೂ ಜಗಳವಾದರೆ ಇವರಲ್ಲಿ ಯಾರು ಅವಳ ಪರ ಮಾತಾಡುತ್ತಾರೆ? ಉತ್ತರ ಹೊಳೆಯಲಿಲ್ಲ. ಪಟ್ಟಿ ಮಡಚಿಟ್ಟೆವು.

ಆಗ ನೆನಪಾದದ್ದು ನನ್ನ ಗೆಳತಿ. ಮಗು ನೋಡಲು ಜನ ಬಂದಿದ್ದ ದಿನ, ಫೋಟೋಗೆ ಅಂತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಿದ್ದೆವು. ಮಗು ಮುಷ್ಟಿ ಬಿಗಿದು ಮುಖ ತಿರುಗಿಸುತ್ತಿತ್ತು. ನನಗೆ ಕಾಣಲೇ ಇಲ್ಲ. ಇವಳು ಎದ್ದು ಬಂದು ಮಗುವನ್ನು ಎತ್ತಿಕೊಂಡಳು. "ಸಾಕು ಕಣೇ, ಅವಳಿಗೆ ಇಷ್ಟ ಆಗ್ತಿಲ್ಲ" ಅಂದಳು. ಎಲ್ಲರ ಮುಂದೆ, ನನಗೇ. ಆಗ ಸ್ವಲ್ಪ ಬೇಜಾರಾಗಿತ್ತು.

ಕೇಳಿದಾಗ ಅವಳು ತುಂಬ ಹೊತ್ತು ಸುಮ್ಮನಿದ್ದಳು. "ನಾನು ದೇವರನ್ನು ನಂಬುವವಳು. ನಾನು ಆಗ್ತೀನಾ?" ಎಂದಳು. ನಮ್ಮ ಮಗಳು ಯಾರ ನಂಬಿಕೆಯನ್ನೂ ಹೊತ್ತು ಬೆಳೆಯೋದು ಬೇಡ, ನಮ್ಮದೂ ಕೂಡ ಅಂದೆ. ನಂಬಿಕೆ ಇರುವವರೊಬ್ಬರು ಹತ್ತಿರದಲ್ಲಿದ್ದರೆ ಅವಳಿಗೆ ಒಳ್ಳೆಯದೇ ಅಲ್ವಾ?

ಇನ್ನೊಬ್ಬರು ನನ್ನ ಗಂಡನ ಹಳೆಯ ಮೇಷ್ಟ್ರು, ತಾಳ್ಮೆಯ ಮನುಷ್ಯ. ಅವರು ತಕ್ಷಣ ಒಪ್ಪಿದರು. ನನ್ನ ತಮ್ಮನಿಗೆ ಮಾತ್ರ ನೋವಾಯಿತು. "ನೀನು ಹೇಗಿದ್ದರೂ ಅವಳ ಮಾವ, ಆರಿಸೋ ಮಾತೆಲ್ಲಿ" ಅಂದೆ. ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ನಾಮಕರಣದ ದಿನ ಗೆಳತಿ ತಾನು ಬರೆದುಕೊಂಡು ಬಂದ ಮಾತನ್ನು ನಮ್ಮ ಕಡೆ ನೋಡದೆ, ಬಗ್ಗಿ ಮಗುವಿಗೇ ಓದಿದಳು. ಎರಡು ಸಾಲು ಓದುವಷ್ಟರಲ್ಲಿ ಮಗಳು ಕಾಗದ ಹಿಡಿದು ಎಳೆದಳು. ಗೆಳತಿ ಅದನ್ನು ಬಿಟ್ಟುಕೊಟ್ಟು, ಉಳಿದದ್ದನ್ನು ಬಾಯಿಪಾಠವಾಗಿ ಹೇಳಿದಳು.