ಬೆಳಿಗ್ಗೆ ರೋಗಿ, ಮಧ್ಯಾಹ್ನ ಡೇಟಾ

ಫ್ಯಾಮಿಲಿ ಡಾಕ್ಟರ್ ತರಬೇತಿಯ ಜೊತೆಗೆ ಸಂಶೋಧನೆ, ಪಾಠ ಎಲ್ಲ ಯಾಕೆ ಮೈಮೇಲೆ ಎಳೆದುಕೊಂಡೆ ಅಂತ ಕೇಳುವವರೇ ಜಾಸ್ತಿ. ಸುಮ್ನೆ ನಗುತ್ತೇನೆ.

ಇವತ್ತು ಒಬ್ಬರು ಬಿಪಿ ಮಾತ್ರೆ ದಿನ ಬಿಟ್ಟು ದಿನ ನುಂಗುತ್ತೇನೆ ಅಂದರು. ನುಂಗಿದ ದಿನ ತಲೆ ಸುತ್ತುತ್ತದಂತೆ. ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದೆ, ನಿಂತಾಗ ಸರಕ್ಕನೆ ಇಳಿದಿತ್ತು. ಮಧ್ಯಾಹ್ನ ಸಂಶೋಧನೆಯ ಡೇಟಾ ತೆರೆದರೆ ಇಂಥವರೆಲ್ಲ ಒಂದೊಂದು ಸಾಲು, ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರಾ?’ ಅನ್ನುವ ಕಾಲಮ್‌ನಲ್ಲಿ ಬರೀ ‘ಇಲ್ಲ’. ಯಾಕೆ ಅನ್ನೋದಕ್ಕೆ ಕಾಲಮ್ಮೇ ಇಲ್ಲ! ಬೆಳಿಗ್ಗೆ ಕ್ಲಿನಿಕ್‌ನಲ್ಲಿ ಕೂರದೇ ಇದ್ದಿದ್ದರೆ ನನಗೂ ಅದು ಹೊಳೆಯುತ್ತಿರಲಿಲ್ಲ ಬಿಡಿ.

ವೇಲ್ಸ್‌ನ ಗಣಿ ಊರೊಂದರಲ್ಲಿ ಫ್ಯಾಮಿಲಿ ಡಾಕ್ಟರ್ ಆಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ತಮ್ಮ ರೋಗಿಗಳ ಬಿಪಿ ಅಳೆಯುತ್ತಲೇ ಸಂಶೋಧನೆ ಮಾಡಿದವರು. ಒಳ್ಳೆ ಚಿಕಿತ್ಸೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಅಂತ 1971ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್‌’ನಲ್ಲಿ ಬರೆದವರೂ ಅವರೇ. ಇದನ್ನು ಹೇಳಿದಾಗ ವಿದ್ಯಾರ್ಥಿಗಳು ಫೋನಿನಿಂದ ತಲೆ ಎತ್ತುತ್ತಾರೆ, ಅದೇ ದೊಡ್ಡದು ಅಲ್ವಾ.

ಕಷ್ಟ ಇಲ್ಲ ಅಂತಲ್ಲ. ಎರಡೂ ಕಡೆ ಬಾಸ್, ಇಬ್ಬರಿಗೂ ನಾನು ಪೂರ್ತಿ ಬೇಕು. ಈಗ ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಫಾರ್ಮ್ ತುಂಬಲು ಕೂರಬೇಕು.