ಇಲ್ಲ, ನಾನು ಮತಾಂತರ ಆಗಿಲ್ಲ

ಆಗಿಲ್ಲ. ಆಗುವ ಯೋಚನೆಯೂ ಇಲ್ಲ. ದಿನಾ ಸಂಜೆ ದೇವರಿಗೆ ದೀಪ ಹಚ್ಚುತ್ತೇನೆ, ಒಂದೊಂದು ದಿನ ಮರೆಯುತ್ತೇನೆ. ಆ ಮರೆವಿಗೂ ಪಾದ್ರಿಗಳಿಗೂ ಸಂಬಂಧ ಇಲ್ಲ.

“ನಿಮಗ್ಯಾಕ್ರೀ ಆ ಪಾದ್ರಿ ಕಾಗದಗಳ ಹುಚ್ಚು?” ಈ ಒಂದು ಪ್ರಶ್ನೆಗೆ ಹದಿನಾಲ್ಕು ವರ್ಷದಿಂದ ಬಾಯಲ್ಲಿ ಉತ್ತರ ಕೊಟ್ಟು ಸಾಕಾಗಿದೆ. ಇನ್ಮೇಲೆ ಯಾರು ಕೇಳಿದರೂ ಇದರ ಲಿಂಕ್ ಕಳಿಸುತ್ತೇನೆ.

ನಾನಿರೋದು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಇನ್ನೂರು ವರ್ಷದ ಹಿಂದೆ ಇದು ಗಡಿನಾಡು, ಸುತ್ತಮುತ್ತ ಬರೀ ಕಾಡು. ಆಗ ಫಿಲಾಂಡರ್ ಚೇಸ್ ಅನ್ನೋ ಪಾದ್ರಿ ಕುದುರೆ ಮೇಲೆ ಊರೂರು ತಿರುಗಿ ಚರ್ಚು ಕಟ್ಟಿಸಿದ. ಆಮೇಲೆ ಒಂದು ಕಾಲೇಜನ್ನೂ ಕಟ್ಟಿದ. ಅವನು ಬರೆದ ಕಾಗದಗಳನ್ನು ಆ ಕಾಲೇಜಿನವರೇ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ನಾನು ಅವನ್ನು ಓದುತ್ತೇನೆ. ಅಷ್ಟೇ ವಿಷಯ. ನೀವು ಆ ಹೊತ್ತಲ್ಲಿ ಸೀರಿಯಲ್ ನೋಡ್ತೀರಿ, ಯಾಕೆ ಅಂತ ನಾನು ಕೇಳಿದೀನಾ?

ಕೆಲವರು ಇನ್ನೂ ಬುದ್ಧಿವಂತರು. “ಓದೋದಾದ್ರೆ ನಮ್ಮ ಕಿಟೆಲ್ ಇರಲಿಲ್ವಾ?” ಅಂತಾರೆ. ಸ್ವಾಮಿ, ಕಿಟೆಲ್ ಕೂಡ ಪಾದ್ರಿಯೇ ಅಲ್ವಾ? 1894ರಲ್ಲಿ ಬಂದ ಅವನ ನಿಘಂಟು ನನ್ನ ಮೇಜಿನ ಮೇಲೇ ಇದೆ. ಹೀಗೆ ಕೇಳಿದ ಒಬ್ಬರೂ ಇದುವರೆಗೆ ಅದನ್ನು ತೆರೆದು ನೋಡಿಲ್ಲ.

ಇನ್ನು “ಚೇಸ್” ಅಂದ ಕೂಡಲೇ “ಆ ಬ್ಯಾಂಕಾ?” ಅನ್ನುವವರು. ಅದರಲ್ಲಿ ಅರ್ಧ ಜನರ ಕೊರಳಲ್ಲಿ ಅದೇ ಬ್ಯಾಂಕಿನ ಐಡಿ ಕಾರ್ಡು ನೇತಾಡುತ್ತಿರುತ್ತದೆ. ಹೌದು, ಸಂಬಂಧ ಇದೆ. ಬ್ಯಾಂಕಿನ ಹೆಸರು ಬಂದದ್ದು ಈ ಪಾದ್ರಿಯ ಅಣ್ಣನ ಮಗ ಸಾಲ್ಮನ್ ಚೇಸ್‌ನಿಂದ. ಆತ ಲಿಂಕನ್ ಸರ್ಕಾರದಲ್ಲಿ ಹಣಕಾಸು ಮಂತ್ರಿ. 1862ರ ಒಂದು ಡಾಲರ್ ನೋಟಿನ ಮೇಲೆ ಅವನದೇ ಮುಖ. ಆದರೆ ಹುಡುಗನಾಗಿದ್ದಾಗ, ಅಪ್ಪ ತೀರಿಕೊಂಡ ಮೇಲೆ, ಅವನು ಇಲ್ಲೇ ಪಕ್ಕದ ವರ್ದಿಂಗ್ಟನ್‌ನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದ. ಒಂದು ದಿನ ಚಿಕ್ಕಪ್ಪ ಹಂದಿ ಕೊಯ್ದು ಹಸನು ಮಾಡು ಅಂದ. ಹುಡುಗ ನೀರನ್ನು ಜಾಸ್ತಿ ಕಾಯಿಸಿಬಿಟ್ಟ, ಕೂದಲು ಕಿತ್ತು ಬರಲಿಲ್ಲ. ಕೊನೆಗೆ ಚಿಕ್ಕಪ್ಪನ ಮಗನ ಕ್ಷೌರದ ಕತ್ತಿ ತಂದು ಹಂದಿಗೆ ಗಡ್ಡ ಹೆರೆದ ಹಾಗೆ ಹೆರೆದ. ಆ ಬ್ಯಾಂಕಿನಲ್ಲಿ ಸಾಲ ತಗೊಂಡವರು ಕಂತು ಕಟ್ಟುವಾಗ ನೆನೆಸಿಕೊಳ್ಳಿ.

ಹೋದ ವರ್ಷ ಗಣೇಶನ ಹಬ್ಬದ ಊಟ. ಊರಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ಕೈಯಲ್ಲಿ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತರು. ಬಿಸಿಬೇಳೆಬಾತು ಎರಡು ತುತ್ತು ಮುಗಿಸಿ, ದನಿ ತಗ್ಗಿಸಿ ಕೇಳಿದರು. “ಏನಮ್ಮ, ಪಾದ್ರಿಗಳ ಕಾಗದ ಓದ್ತೀಯಂತೆ. ಮನೇಲಿ ಎಲ್ಲಾ ಸರಿಯಾಗಿದೆ ತಾನೆ?”

ಸಂಡಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಆ ಸಿಟ್ಟಲ್ಲಿ ಅವರಿಗೆ ಎಲ್ಲವನ್ನೂ ಒದರಿಬಿಟ್ಟೆ.

ಅಂಕಲ್, ಈ ಮನುಷ್ಯ ಹಾರ್ಟ್‌ಫರ್ಡ್ ಅನ್ನೋ ಊರಲ್ಲಿ ಒಳ್ಳೆಯ ಚರ್ಚು, ಒಳ್ಳೆಯ ಸಂಬಳ ಬಿಟ್ಟು, 1817ರಲ್ಲಿ ಹೆಪ್ಪುಗಟ್ಟಿದ ಈರಿ ಸರೋವರದ ಮೇಲೆ ಜಾರುಬಂಡಿಯಲ್ಲಿ ಇಲ್ಲಿಗೆ ಬಂದ. ಎರಡು ವರ್ಷಕ್ಕೆ ಬಿಷಪ್ ಆದ. ಬಿಷಪ್ ಅಂದರೆ ಕಾರು ಬಂಗಲೆ ಅಂದ್ಕೋಬೇಡಿ. ಆಳಿಗೆ ಕೂಲಿ ಕೊಡೋಕೆ ಕಾಸಿಲ್ಲದೆ ಸೌದೆ ಒಡೆದದ್ದು, ದನಕ್ಕೆ ಮೇವು ಹಾಕಿದ್ದು ತಾನೇ. ಕಾಡಿನ ಊರುಗಳಿಗೆ ಪೂರ್ವದ ಪಟ್ಟಣಗಳಿಂದ ಪಾದ್ರಿಗಳು ಬರೋಕೆ ಒಪ್ಪಲ್ಲ, ಇಲ್ಲೇ ಕಾಲೇಜು ಮಾಡಿ ಇಲ್ಲೇ ತಯಾರು ಮಾಡ್ತೀನಿ ಅಂತ ಹೊರಟ. ದುಡ್ಡಿಲ್ಲ. 1823ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ, ಚಂದಾ ಎತ್ತೋಕೆ.

“ಚಂದಾ ಎತ್ತೋಕೆ ಇಂಗ್ಲೆಂಡಿಗಾ!” ಅಂದರು. ಮೊದಲ ಸಲ ಮುಖ ಅರಳಿತು.

ಹೌದು. ಹೆನ್ರಿ ಕ್ಲೇ ಅನ್ನೋ ಇಲ್ಲಿಯ ದೊಡ್ಡ ರಾಜಕಾರಣಿ ಲಾರ್ಡ್ ಗ್ಯಾಂಬಿಯರ್‌ಗೆ ಒಂದು ಪರಿಚಯದ ಕಾಗದ ಕೊಟ್ಟಿದ್ದ. 1814ರಲ್ಲಿ ಅಮೆರಿಕಕ್ಕೂ ಇಂಗ್ಲೆಂಡಿಗೂ ನಡೆದ ಶಾಂತಿ ಮಾತುಕತೆಯಲ್ಲಿ ಅವರಿಬ್ಬರೂ ಎದುರುಬದುರು ಕೂತವರು. ಗ್ಯಾಂಬಿಯರ್, ಲಾರ್ಡ್ ಕೆನ್ಯನ್ ಇಬ್ಬರೂ ಚೇಸ್‌ನ ಬೆಂಬಲಕ್ಕೆ ನಿಂತರು. ಈ ಕಡೆ ನ್ಯೂಯಾರ್ಕಿನ ಬಿಷಪ್ ಹೋಬಾರ್ಟ್ ತಾನೂ ಇಂಗ್ಲೆಂಡಿಗೆ ಹೋಗಿ, ಇವನಿಗೆ ದುಡ್ಡು ಕೊಡಬೇಡಿ ಅಂತ ಹೇಳಿಕೊಂಡು ತಿರುಗಿದ. ಆದರೂ ದುಡ್ಡು ಕೂಡಿತು. ನಮ್ಮ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸ್ತೀವಲ್ಲ, ಇವನು ಕಾಲೇಜಿಗೇ ಕೆನ್ಯನ್ ಅಂತ ಹೆಸರಿಟ್ಟ, ಊರಿಗೆ ಗ್ಯಾಂಬಿಯರ್ ಅಂತಿಟ್ಟ. ಇವತ್ತಿಗೂ ಅವೇ ಹೆಸರು. ಇಲ್ಲಿಂದ ಸುಮಾರು ಒಂದು ಗಂಟೆ ದಾರಿ.

ತುಂಬಾ ಒಳ್ಳೆಯವನು ಅಂತ ನಾನೇನೂ ಹೇಳುತ್ತಿಲ್ಲ. ಅದಕ್ಕಿಂತ ಮುಂಚೆ ನ್ಯೂ ಆರ್ಲಿಯನ್ಸ್‌ನಲ್ಲಿದ್ದಾಗ ಜ್ಯಾಕ್ ಅನ್ನೋ ಮನುಷ್ಯನನ್ನು ದುಡ್ಡು ಕೊಟ್ಟು ಗುಲಾಮನಾಗಿ ಕೊಂಡಿದ್ದ. ಜ್ಯಾಕ್ ತಪ್ಪಿಸಿಕೊಂಡು ಓಡಿಹೋದ, ಒಳ್ಳೇದೇ ಮಾಡಿದ. ಕಾಲೇಜು ಕಟ್ಟಿದ ನೆಲವೂ ಮೂಲನಿವಾಸಿಗಳು 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಕಳೆದುಕೊಂಡ ನೆಲ. ಸಾಲದ್ದಕ್ಕೆ ಚೇಸ್‌ನದು ಮಹಾ ಹಟ. ಕಾಲೇಜಿನ ಮೇಷ್ಟ್ರುಗಳ ಜೊತೆ ಜಗಳ ಆಗಿ 1831ರಲ್ಲಿ ಕಾಲೇಜು, ಬಿಷಪ್ ಪದವಿ ಎರಡನ್ನೂ ಬಿಸಾಕಿ ಹೋದ. ಆಮೇಲೆ ಇಲಿನಾಯ್‌ನಲ್ಲಿ ಮತ್ತೆ ಬಿಷಪ್ ಆಗಿ ಇನ್ನೊಂದು ಕಾಲೇಜು ಕಟ್ಟಿದ, ಜೂಬಿಲಿ ಅಂತ. ಅದು ಉಳಿಯಲಿಲ್ಲ.

ಇಷ್ಟಕ್ಕೂ ನಾನು ಇವನ್ನು ಓದೋದು ಚರ್ಚಿಗಾಗಲ್ಲ, ಕಾಲೇಜಿಗಾಗಲ್ಲ. ಯಾರಾದರೂ ಒಬ್ಬರು “ಆ ಕಾಗದದ ಅಂಚೆ ದುಡ್ಡು ಯಾರು ಕೊಡ್ತಿದ್ರು?” ಅಂತ ಕೇಳಲಿ ಅಂತ ಕಾಯುತ್ತಿದ್ದೇನೆ. ಯಾರೂ ಕೇಳಲ್ಲ. ಹಾಗಾಗಿ ನಾನೇ ಹೇಳುತ್ತೇನೆ.

ಆಗ ಅಮೆರಿಕದಲ್ಲಿ ಅಂಚೆಚೀಟಿ ಇರಲಿಲ್ಲ, ಅದು ಬಂದದ್ದು 1847ರಲ್ಲಿ. ಸಾಮಾನ್ಯವಾಗಿ ಕಾಗದ ಬಂದವರೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಲೆಕ್ಕ ಹಾಳೆಗೆ ಇಷ್ಟು, ಮೈಲಿಗೆ ಇಷ್ಟು ಅಂತ. 400 ಮೈಲಿ ದಾಟಿದರೆ ಒಂದು ಹಾಳೆಗೆ 25 ಸೆಂಟು, ಎರಡು ಹಾಳೆ ಆದರೆ 50. ಲಕೋಟೆ ಹಾಕಿದರೆ ಅದೂ ಒಂದು ಹಾಳೆ! ಅದಕ್ಕೇ ಲಕೋಟೆಯೇ ಇಲ್ಲ. ಹಾಳೆಯನ್ನೇ ಮಡಿಸಿ, ಅರಗು ಹಾಕಿ, ಹೊರಗಡೆ ವಿಳಾಸ ಬರೆಯೋದು. ಕಾಲೇಜಿಗೆ 8000 ಎಕರೆ ಕೊಂಡದ್ದು 18,000 ಡಾಲರಿಗೆ. ಅಂದರೆ ಎಕರೆಗೆ ಎರಡೂಕಾಲು ಡಾಲರು. ಒಂಬತ್ತು ದೂರದ ಕಾಗದ ಬಿಡಿಸಿಕೊಂಡ ದುಡ್ಡಿಗೆ ಒಂದು ಎಕರೆ ಜಮೀನು! ಈ ಮನುಷ್ಯ ಸಾಯೋ ತನಕ ಊರೂರಿಗೆ ಚಂದಾ ಕೇಳಿ ಕಾಗದ ಬರೆದ. ಭಿಕ್ಷೆ ಬೇಡುವ ಕಾಗದಕ್ಕೂ ಭಿಕ್ಷೆ ಕೊಡುವವನೇ ದುಡ್ಡು ತೆತ್ತು ಬಿಡಿಸಿಕೊಳ್ಳಬೇಕು.

ನಾನು ಇಷ್ಟು ಹೇಳೋ ಹೊತ್ತಿಗೆ ಹಿರಿಯರು ತಟ್ಟೆ ಕೆಳಗಿಟ್ಟರು.

“ಬೇರಿಂಗ್ ಅನ್ನು!”

“ಏನಂಕಲ್?”

“ಬೇರಿಂಗ್ ಕಾಗದ ಕಣಮ್ಮ. ಸ್ಟ್ಯಾಂಪ್ ಹಚ್ಚದೇ ಹಾಕ್ತಾರಲ್ಲ. ಇಸ್ಕೊಳ್ಳೋನ ಹತ್ರ ಡಬಲ್ ವಸೂಲಿ. ಮೂವತ್ತಾರು ವರ್ಷ ಅಂಚೆ ಇಲಾಖೇಲಿ ಅದೇ ಮಾಡಿದ್ದು ನಾನು.”

ಊಟ ಮುಗಿದು ಅಂತ್ಯಾಕ್ಷರಿ ಶುರುವಾದರೂ ನಾವಿಬ್ಬರೂ ಏಳಲಿಲ್ಲ. ಫೋನಿನಲ್ಲಿ ಒಂದು ಕಾಗದ ತೆಗೆದು ದೊಡ್ಡದು ಮಾಡಿ ತೋರಿಸಿದೆ. ನಾಲ್ಕನೇ ಪುಟದ ಮಧ್ಯೆ ವಿಳಾಸಕ್ಕೆ ಅಂತ ಜಾಗ ಬಿಟ್ಟು, ಅದರ ಮೇಲೆ ಕೆಳಗೆ ಮಡಿಕೆಯೊಳಗೆ ಹೋಗುವ ಕಡೆಯೆಲ್ಲ ಬರಹ. ಅಂಚಿನಲ್ಲೂ ಬರಹ, ಹಾಳೆ ಅಡ್ಡ ತಿರುಗಿಸಿ ಓದಬೇಕು. ಅರಗು ಬಿಡಿಸುವಾಗ ಕಾಗದ ಹರಿದು ಅಲ್ಲೊಂದು ತೂತು. ತೂತಿದ್ದ ಜಾಗದಲ್ಲಿ ನಾಲ್ಕೈದು ಪದ ಹೋಗಿವೆ.

“ಇನ್‌ಲ್ಯಾಂಡ್ ಲೆಟರ್ ಥರಾನೇ,” ಅಂದರು. “ಅವಸರದಲ್ಲಿ ಹರಿದ್ರೆ ಪಕ್ಕದಲ್ಲಿ ಬರೆದಿದ್ದೆಲ್ಲಾ ಹೋಯ್ತು.”

ಆ ಮಾತಿಗೆ ನನಗೆ ನಮ್ಮಜ್ಜಿಯ ಟ್ರಂಕು ನೆನಪಾಯಿತು. ತಾತ ಮೇಷ್ಟ್ರು, ವರ್ಗ ಆದ ಊರುಗಳಿಂದ ಇನ್‌ಲ್ಯಾಂಡ್ ಬರೆಯುತ್ತಿದ್ದರು. ಅಜ್ಜಿ ಹೋದ ಮೇಲೆ ಆ ಮನೆ ಖಾಲಿ ಮಾಡುವಾಗ ಅವನ್ನೆಲ್ಲ ಹಳೇ ಪೇಪರಿನ ಜೊತೆ ಸುತ್ತಿ, ದಾರ ಕಟ್ಟಿ, ತೂಕಕ್ಕೆ ಹಾಕಿದವಳು ನಾನೇ. ಪಿಯುಸಿಯಲ್ಲಿದ್ದೆ. ಬಂದ ದುಡ್ಡಲ್ಲಿ ನಾನೂ ನನ್ನ ತಮ್ಮನೂ ಮಸಾಲೆ ದೋಸೆ ತಿಂದೆವು. ಅವರಿಗೆ ಇದನ್ನು ಹೇಳಲಿಲ್ಲ. ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆದದ್ದೇ ಮೊದಲು.

ಅವತ್ತು ಅವರಿಗೆ ಹೇಳಿದ್ದು ಬೇರೆ. ಚೇಸ್ ಇಂಗ್ಲೆಂಡಿನಲ್ಲಿದ್ದಾಗಲೇ, 1824ರಲ್ಲಿ, ಅವನ ದೊಡ್ಡ ಮಗ ಚಾರ್ಲ್‌ಸ್ಟನ್‌ನಲ್ಲಿ ತೀರಿಕೊಂಡ. ಅಪ್ಪನ ಹೆಸರೇ ಮಗನಿಗೂ. ಸುದ್ದಿ ಹೋಗಬೇಕಾದರೆ ಹಡಗಿನಲ್ಲೇ ಹೋಗಬೇಕು. ಅದು ತಲುಪುವ ತನಕ ಅಪ್ಪನ ಲೆಕ್ಕದಲ್ಲಿ ಮಗ ಬದುಕಿದ್ದಾನೆ. ಕ್ಷೌರದ ಕತ್ತಿ ಯಾರದು ಅಂತ ಹೇಳಿದ್ದೆನಲ್ಲ, ಅದೇ ಮಗ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂಥ ಕಾಗದ ನಾನೂ ಎಷ್ಟೋ ಹಂಚಿದೀನಿ,” ಅಂದರು. “ಟೆಲಿಗ್ರಾಂ ಮೊದಲು ಹೋಗಿರೋದು. ಎರಡು ದಿನ ಆದ್ಮೇಲೆ ಸತ್ತೋರ ಕಾಗದ ಬರೋದು, ನಾನು ಚೆನ್ನಾಗಿದೀನಿ ಅಂತ.”

ಅವರು ಈಗ ವಾಪಸ್ ಅರಸೀಕೆರೆಯಲ್ಲಿದ್ದಾರೆ. ಭಾನುವಾರ ವಾಟ್ಸಾಪ್ ಕಾಲ್ ಮಾಡುತ್ತಾರೆ. ಉಭಯಕುಶಲೋಪರಿ ಒಂದೇ ನಿಮಿಷ.

“ಆ ತೂತಿನ ಪದ ಸಿಕ್ತೇನಮ್ಮ?”

“ಇಲ್ಲ ಅಂಕಲ್. ‘ಸೋಫಿಯಾ’ ಅಂತ ಇದೆ, ಅವನ ಹೆಂಡತಿ. ಆಮೇಲೆ ತೂತು. ಆಮೇಲೆ ‘ಹಸು’ ಅಂತ ಇದೆ.”

“ಹಸು ಮಾರು ಅಂತಲೋ, ಮಾರಬೇಡ ಅಂತಲೋ?”

ಎರಡು ವಾರದಿಂದ ಅದೇ ಚರ್ಚೆ ನಡೆಯುತ್ತಿದೆ.